ತಂತಿಯ ಮೇಲೆ ಬರೆಯದ ಅಂಕಿ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಬರುವವರು ಊರು ಸಮೀಪಿಸಿದಂತೆ ಒಮ್ಮೆ ಕಿಟಕಿಯ ಹೊರಗೆ ನೋಡಬೇಕು. ಬರಿಯ ಇಂಜಿನು ಮತ್ತು ಗಾಲಿಗಳೊಡನೆ ಬಂದ ಲಾರಿಗಳು ಇಲ್ಲಿಯ ಬಡಿಗರ, ವೆಲ್ಡಿಂಗಿನವರ ಕೈಯಲ್ಲಿ ಮೈ ತುಂಬಿಕೊಂಡು ಹೊರಡುತ್ತವೆ. ಲಾರಿಗಳ ಬಾಡಿ ಕಟ್ಟುವ ಕೆಲಸಕ್ಕೆ ನಮ್ಮ ಊರು ದೂರದವರೆಗೆ ಹೆಸರಾಗಿದೆ. ಕಟ್ಟಡವೆಲ್ಲ ಮುಗಿದ ಮೇಲೆ ಪೇಂಟರನು ಬಾಗಿಲ ಹತ್ತಿರ ಎರಡು ಅಂಕಿಗಳನ್ನು ಬರೆಯುತ್ತಾನೆ. ಬರಿ ಲಾರಿಯ ತೂಕವೆಷ್ಟು, ಹೊರೆ ಕೂಡಿ ಎಷ್ಟನ್ನು ಮೀರಬಾರದು ಎಂಬವು ಆ ಅಂಕಿಗಳು. ಅದನ್ನು ಪಾಲಿಸುವವರು ಎಷ್ಟು ಜನ ಎಂಬುದು ಬೇರೆಯ ಪ್ರಶ್ನೆ. ಮಿತಿಯಂತೂ ಎಲ್ಲರ ಕಣ್ಣಿಗೆ ಕಾಣುವಂತೆ ಬರೆದಿರುತ್ತದೆ.

ಅದೇ ರಸ್ತೆಯ ಪಕ್ಕದಲ್ಲಿ ವಿದ್ಯುತ್ತಿನ ತಂತಿಗಳೂ ಹಾದು ಹೋಗಿವೆ. ಅವೂ ಹೊರೆ ಹೊರುವ ವಸ್ತುಗಳೇ. ಅವುಗಳ ಮೇಲಾಗಲಿ ಕಂಬದ ಮೇಲಾಗಲಿ "ಇಷ್ಟನ್ನು ಮೀರಬಾರದು" ಎಂಬ ಬರಹವಿಲ್ಲ. ಅಪಾಯವೆಂದು ತಲೆಬುರುಡೆಯ ಚಿತ್ರ ಮಾತ್ರ ಇದೆ. ಏಕೆ ಹೀಗೆ? ಬಿ.ಎ. ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ವಿಜ್ಞಾನ ವಿಭಾಗದ ಗೆಳೆಯರು ನಗಬಹುದು. ಕಳೆದ ಚಳಿಗಾಲದಲ್ಲಿ ನಮ್ಮ ಹೊಲದ ಟಿಸಿ ಸುಟ್ಟು ಹನ್ನೊಂದು ದಿನ ಕಬ್ಬಿಗೆ ನೀರಿಲ್ಲದೆ ಹೋಯಿತು. ಅಂದಿನಿಂದ ಈ ಪ್ರಶ್ನೆ ನನ್ನ ತಲೆಯಿಂದ ಇಳಿಯಲಿಲ್ಲ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮೂರ ಗೆಳೆಯನೊಬ್ಬನು ರಜೆಗೆ ಬಂದಾಗ ಅವನ ಪುಸ್ತಕಗಳನ್ನು ಇಸಿದುಕೊಂಡು, ತಿಳಿದಷ್ಟನ್ನು ಓದಿ, ತಿಳಿಯದುದನ್ನು ಅವನಿಂದಲೇ ಕೇಳಿ ಬರೆದ ಲೇಖನವಿದು.

ಟಿಸಿ ಎಂದರೆ ಟ್ರಾನ್ಸ್‌ಫಾರ್ಮರು. ಅದು ಸುಟ್ಟ ಮರುದಿನ ಬಂದ ಲೈನ್‌ಮನ್ ನಮ್ಮ ಅಪ್ಪನಿಗೆ ಹೇಳಿದ, "ಇದು ಅರವತ್ಮೂರರ ಟಿಸಿ ಅದರೀ ಯಜಮಾನ್ರೆ. ಹತ್ತು ಪಂಪಿಂದು. ನೀವು ಹದಿನಾರು ಹಚ್ಚೀರಿ." ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ಅರವತ್ಮೂರು ಅಂತ ಬರ್ದಾರ ಖರೆ, ಹತ್ತು ಅಂತ ಎಲ್ಲಿ ಬರ್ದಾರ?" ಎಂದು ಕೇಳಿದರು. ಅಪ್ಪನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಈ ಲೇಖನವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೆಂದರೂ ಸಲ್ಲುತ್ತದೆ.

ಲೈನ್‌ಮನ್ನನ ಲೆಕ್ಕ ತಪ್ಪಲ್ಲ. ಐದು ಅಶ್ವಶಕ್ತಿಯ ಪಂಪೊಂದು, ಮೋಟಾರಿನ ಒಳಗಿನ ನಷ್ಟವನ್ನೂ ಕೂಡಿಸಿದರೆ, ಸುಮಾರು ಆರು ಕೆವಿಎ ಎಳೆಯುತ್ತದೆ. ಅರವತ್ಮೂರರ ಟಿಸಿಗೆ ಹತ್ತು ಪಂಪು ಸರಿಯಾದ ಹೊರೆ. ಆದರೆ ಮಿತಿ ಇಷ್ಟಕ್ಕೇ ನಿಂತಿದ್ದರೆ ಪೇಂಟರನನ್ನು ಕರೆಸಿ ಟಿಸಿಯ ಮೇಲೂ ಬರೆಯಿಸಬಹುದಾಗಿತ್ತು. ತೊಡಕು ಮುಂದಿದೆ. ಒಂದೊಂದು ಪಂಪು ಸೇರಿದಂತೆಲ್ಲ ಸಾಲಿನ ಕೊನೆಯ ಹೊಲದಲ್ಲಿ ವೋಲ್ಟೇಜು ಇಳಿಯುತ್ತದೆ. ವೋಲ್ಟೇಜು ಇಳಿದರೆ ಮೋಟಾರು ತನ್ನ ಕೆಲಸವನ್ನು ಬಿಡುವುದಿಲ್ಲ, ಅದೇ ಕೆಲಸಕ್ಕೆ ಹೆಚ್ಚು ಕರೆಂಟನ್ನು ಎಳೆಯುತ್ತದೆ. ಹೆಚ್ಚು ಕರೆಂಟು ಹರಿದರೆ ವೋಲ್ಟೇಜು ಮತ್ತಷ್ಟು ಇಳಿಯುತ್ತದೆ. ಸಾಲ ತೀರಿಸಲು ಸಾಲ ಮಾಡಿದವನ ಗತಿ ಇದು. ಒಂದು ಹಂತದವರೆಗೆ ಹೇಗೋ ನಡೆಯುತ್ತದೆ. ಆ ಹಂತ ದಾಟಿದ ಮೇಲೆ ಎಷ್ಟೇ ಕರೆಂಟು ಎಳೆದರೂ ಕೆಲಸ ಹೆಚ್ಚುವುದಿಲ್ಲ, ವೋಲ್ಟೇಜು ಒಮ್ಮೆಲೆ ಕುಸಿಯುತ್ತದೆ. ಹೊರೆಯನ್ನು ಅಡ್ಡಕ್ಕೂ ವೋಲ್ಟೇಜನ್ನು ಉದ್ದಕ್ಕೂ ಹಾಕಿ ಗೆರೆ ಎಳೆದರೆ ಅದು ಮೂಗಿನ ಆಕಾರದಲ್ಲಿ ಬಾಗುತ್ತದೆ. ಮೂಗಿನ ತುದಿಯೇ ಮಿತಿ. ಅತಿ ಸರಳವಾದ ಸಾಲಿನಲ್ಲಿ ವೋಲ್ಟೇಜು ಶೇಕಡಾ ೭೦ರ ಸುಮಾರಿಗೆ ಇಳಿದಾಗ ಈ ತುದಿ ಬರುತ್ತದೆಯೆಂದು ಲೆಕ್ಕ. ಕೆಪ್ಯಾಸಿಟರು ಕೂಡಿಸಿದ ಸಾಲಿನಲ್ಲಿ ಹೆಚ್ಚು ಹೊರೆ ಹೊರಬಹುದು ನಿಜ. ಆದರೆ ಅಲ್ಲಿ ತುದಿಯು ಇನ್ನೂ ಎತ್ತರದ ವೋಲ್ಟೇಜಿನಲ್ಲೇ ಬರುವುದರಿಂದ ಮೀಟರಿನ ಮುಳ್ಳು ಆರೋಗ್ಯವಾಗಿ ಕಾಣುತ್ತಿರುವಾಗಲೇ ಕುಸಿತ ಬಂದುಬಿಡಬಹುದು. ಚೆನ್ನಾಗಿದ್ದ ಮನುಷ್ಯ ಕೂತಲ್ಲೇ ಹೋದ ಎನ್ನುತ್ತೇವಲ್ಲ, ಹಾಗೆ.

ದೊಡ್ಡ ತಂತಿಗಳದೂ ಇದೇ ಕಥೆ, ಅಳತೆ ಮಾತ್ರ ಬೇರೆ. ೧೯೫೩ರಲ್ಲಿ ಸೇಂಟ್ ಕ್ಲೇರ್ ಎಂಬ ಅಮೇರಿಕದ ಇಂಜಿನಿಯರರು ಒಂದು ಗೆರೆಯನ್ನು ಪ್ರಕಟಿಸಿದರು. ತಂತಿ ಉದ್ದವಾದಷ್ಟೂ ಅದು ಹೊರಬಲ್ಲ ಹೊರೆ ಕಡಿಮೆಯಾಗುತ್ತದೆಂಬುದು ಅದರ ಸಾರ. ೫೦ ಮೈಲಿಯ ತಂತಿಯು ತನ್ನ ಸಹಜವಾದ ಹೊರೆಯ ಮೂರು ಪಾಲನ್ನು ಹೊತ್ತರೆ ೩೦೦ ಮೈಲಿಯದು ಒಂದೇ ಪಾಲನ್ನು ಹೊರುತ್ತದೆ. ಗಿಡ್ಡ ತಂತಿಯನ್ನು ತಡೆಯುವುದು ಕಾವು. ಕಾದ ತಂತಿ ಜೋಲುತ್ತದೆ. ನಡುವಣ ಉದ್ದದ್ದನ್ನು ತಡೆಯುವುದು ವೋಲ್ಟೇಜಿನ ಇಳಿತ, ಬಲು ಉದ್ದದ್ದನ್ನು ತಡೆಯುವುದು ಎರಡು ತುದಿಯ ಯಂತ್ರಗಳ ನಡುವಿನ ಹೊಂದಾಣಿಕೆ. ಒಂದೇ ದಪ್ಪದ ತಂತಿಗೆ ಒಂದೇ ಅಂಕಿ ಬರೆಯಲಾಗದುದು ಇದಕ್ಕೇ. ತಂತಿಯ ಮಿತಿ ತಂತಿಯಲ್ಲಿಲ್ಲ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಜತೆಗೆ ಯಾವ ತಂತಿಗಳಿವೆ, ಯಾವ ಊರಿನಲ್ಲಿ ಬೇಡಿಕೆ ಏರುತ್ತಿದೆ, ಯಾವ ಕೇಂದ್ರ ಎಷ್ಟು ಉತ್ಪಾದಿಸುತ್ತಿದೆ, ಇವೆಲ್ಲ ಕೂಡಿ ಗಳಿಗೆಗೊಂದು ಮಿತಿಯನ್ನು ಕೊಡುತ್ತವೆ.

ಅದನ್ನು ತಪ್ಪಿ ತಿಳಿದರೆ ಏನಾಗುವುದೆಂಬುದನ್ನು ದೇಶವೇ ಕಂಡಿತು. ೨೦೧೨ರ ಜುಲೈ ೩೦ರಂದು ನಸುಕಿನ ೨ ಗಂಟೆ ೩೩ ನಿಮಿಷಕ್ಕೆ ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ೪೦೦ ಕಿಲೋವೋಲ್ಟ್ ಮಾರ್ಗ ಕಡಿದುಕೊಂಡಿತು. ತಂತಿ ಹರಿದಿರಲಿಲ್ಲ, ಮರ ಬಿದ್ದಿರಲಿಲ್ಲ. ಜೋಡಿ ಮಾರ್ಗವು ಬಂದಾಗಿದ್ದುದರಿಂದ ಇದೊಂದರ ಮೇಲೇ ಸಾವಿರ ಮೆಗಾವಾಟಿನ ಆಚೀಚೆ ಹೊರೆ ಬಿದ್ದಿತ್ತು. ಕಾವಲಿಗಿಟ್ಟ ರಿಲೇ ಯಂತ್ರವು ಆ ಹೊರೆಯನ್ನೇ ಅಪಘಾತವೆಂದು ತಿಳಿದು ಮಾರ್ಗವನ್ನು ಬಿಡಿಸಿಬಿಟ್ಟಿತು. ಉತ್ತರ ಭಾರತದ ಜಾಲವೆಲ್ಲ ಕತ್ತಲಾಯಿತು. ಮರುದಿನ ಮಧ್ಯಾಹ್ನ ಅದೇ ಮಾರ್ಗದಿಂದ ಆರಂಭವಾಗಿ ಉತ್ತರ, ಪೂರ್ವ, ಈಶಾನ್ಯ ಮೂರೂ ಜಾಲಗಳು ಬಿದ್ದವು. ಅರವತ್ತು ಕೋಟಿಗೂ ಹೆಚ್ಚು ಜನರಿಗೆ ತಟ್ಟಿದ ಕತ್ತಲೆಯದು. ದಕ್ಷಿಣದ ನಾವು ಉಳಿದೆವು. ಜಾಣತನದಿಂದ ಉಳಿದೆವೆಂದು ಹೇಳಲಾರೆ. ನಮ್ಮ ಜಾಲವು ಆಗ ಉಳಿದ ದೇಶದೊಡನೆ ಒಂದೇ ತಾಳದಲ್ಲಿ ಕೂಡಿರಲಿಲ್ಲ. ಏಕಮುಖ ವಿದ್ಯುತ್ತಿನ ಕೊಂಡಿಗಳ ಮೂಲಕ ಮಾತ್ರ ಕೊಡುಕೊಳ್ಳುವಿಕೆ ನಡೆದಿತ್ತು.

ಕೂಡಿಕೆಯಾದದ್ದು ೨೦೧೩ರ ಡಿಸೆಂಬರ್ ೩೧ರಂದು, ನಮ್ಮ ಭಾಗದ ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ ೭೬೫ ಕಿಲೋವೋಲ್ಟ್ ಮಾರ್ಗದಿಂದ. ಹುಮನಾಬಾದಿನವರಿಗೆ ಸೋಲಾಪುರವೆಂದರೆ ಚಾದರ, ದವಾಖಾನೆ. ದೇಶದ ವಿದ್ಯುತ್ ಚರಿತ್ರೆಯಲ್ಲಿಯೂ ಅದಕ್ಕೆ ಜಾಗವಿದೆಯೆಂಬುದು ನನಗಂತೂ ಗೊತ್ತಿರಲಿಲ್ಲ. ತಂತಿ ಕೂಡಿತೆಂದರೆ ವಿದ್ಯುತ್ತು ಬೇಕಾದಷ್ಟು ಹರಿಯುವುದೆಂದು ತಿಳಿಯಬಾರದು. ಇಷ್ಟೇ ಹರಿಯಲಿ ಎಂದು ಲೆಕ್ಕ ಹಾಕಿ ಮಿತಿ ಕಟ್ಟುತ್ತಾರೆ. ಆ ವರ್ಷಗಳಲ್ಲಿ ದಕ್ಷಿಣಕ್ಕೆ ಬರುವ ದಾರಿಯ ಮಿತಿ ಬೇಡಿಕೆಗಿಂತ ಕಿರಿದಾದಾಗಲೆಲ್ಲ ವಿದ್ಯುತ್ ವಿನಿಮಯ ಪೇಟೆಯಲ್ಲಿ ದಕ್ಷಿಣದ ದರವೇ ಬೇರೆಯಾಗಿ ಏರುತ್ತಿತ್ತು. ಮಿತಿಯ ಅಂಕಿ ಕಡಿಮೆ ಹಿಡಿದರೆ ನಮಗೆ ದುಬಾರಿ, ಹೆಚ್ಚು ಹಿಡಿದರೆ ೨೦೧೨. ಈ ಅಂಕಿಯನ್ನು ಕಂಡುಹಿಡಿಯುವುದು ಕೇವಲ ಗಣಿತದವರ ಆಟವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕಂಡುಹಿಡಿಯುವ ಬಗೆ ಹೇಗೆ? ಎಲ್ಲ ಊರುಗಳ ಬೇಡಿಕೆಯನ್ನೂ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಪ್ರತಿ ಸಲವೂ ಜಾಲದ ಸಮೀಕರಣಗಳನ್ನು ಬಿಡಿಸುತ್ತ ಹೋಗಿ, ಬಿಡಿಸಲಾಗದ ತುದಿಗೆ ತಲುಪುವುದು ಹಳೆಯ ಹಾದಿ. ಇದು ಒಂದು ದಿಕ್ಕಿನ ಮಿತಿಯನ್ನು ಚೆನ್ನಾಗಿಯೇ ಹೇಳುತ್ತದೆ. ಆದರೆ ಯಾವ ಕೇಂದ್ರದಲ್ಲಿ ಎಷ್ಟು ಉತ್ಪಾದಿಸಿದರೆ, ಯಾವ ಟ್ರಾನ್ಸ್‌ಫಾರ್ಮರಿನ ಮೆಟ್ಟಲನ್ನು ಎಲ್ಲಿಗಿಟ್ಟರೆ, ಯಾವ ಕೆಪ್ಯಾಸಿಟರನ್ನು ಹಚ್ಚಿದರೆ ಮಿತಿಯು ಅತಿ ಹೆಚ್ಚಾದೀತು ಎಂದು ಕೇಳಿದರೆ ಆ ಹಾದಿ ಸಾಲದು. ಹಚ್ಚುವುದು ಅಥವಾ ಬಿಡುವುದು ಎಂಬ ಎರಡೇ ಸ್ಥಿತಿಯ ವಸ್ತುಗಳು ಹದಿನಾರು ಇದ್ದರೆ ೬೫,೫೩೬ ಬಗೆಗಳಾಗುತ್ತವೆ. ಮೂವತ್ತಾದರೆ ನೂರೇಳು ಕೋಟಿಗೂ ಮಿಕ್ಕುತ್ತವೆ. ಒಂದು ರಾಜ್ಯದ ಜಾಲದಲ್ಲಿ ಇಂಥವು ನೂರಾರು. ಎಲ್ಲವನ್ನೂ ಪರೀಕ್ಷಿಸಲು ಯಾವ ಗಣಕಯಂತ್ರಕ್ಕೂ ಆಯುಷ್ಯ ಸಾಲದು. ಮೆಟ್ಟಲು ಮೆಟ್ಟಲಾಗಿ ಬದಲಾಗುವ ವಸ್ತುಗಳಲ್ಲಿ ಇಳಿಜಾರನ್ನು ನೋಡಿ ನಡೆಯುವ ಕಲನಶಾಸ್ತ್ರವೂ ಮುಗ್ಗರಿಸುತ್ತದೆ.

ಆಗ ಬಂದವು ಹ್ಯೂರಿಸ್ಟಿಕ್ ಎಂಬ ಉಪಾಯಗಳು. ಗ್ರೀಕಿನಲ್ಲಿ ಕಂಡುಹಿಡಿಯುವುದೆಂಬ ಅರ್ಥದ ಶಬ್ದದಿಂದ ಬಂದ ಹೆಸರಿದು. ನಾನು ಶೋಧಯುಕ್ತಿ ಎನ್ನುತ್ತೇನೆ. ಕನ್ನಡ ವಿಭಾಗದ ಗುರುಗಳು ಇದಕ್ಕಿಂತ ಒಳ್ಳೆಯ ಶಬ್ದ ಕೊಟ್ಟರೆ ಅದನ್ನೇ ಶಿರಸಾ ವಹಿಸುವೆನು. ಜೀವಿಗಳ ವಂಶವೃದ್ಧಿಯನ್ನು ಅನುಕರಿಸುವ ಯುಕ್ತಿಯನ್ನು ಜಾನ್ ಹಾಲೆಂಡ್ ಎಂಬವರು ೧೯೭೫ರಲ್ಲಿ ಗ್ರಂಥರೂಪಕ್ಕೆ ತಂದರು. ಕಾದ ಲೋಹವನ್ನು ಮೆಲ್ಲಗೆ ಆರಿಸುವುದನ್ನು ಅನುಕರಿಸುವ ಯುಕ್ತಿ ೧೯೮೩ರಲ್ಲಿ, ಹಕ್ಕಿಗಳ ಹಿಂಡನ್ನು ಅನುಕರಿಸುವ ಯುಕ್ತಿ ೧೯೯೫ರಲ್ಲಿ ಬಂದವು. ಇರುವೆ ಸಾಲಿನದೂ ಒಂದಿದೆ.

ಹಕ್ಕಿ ಹಿಂಡಿನ ಯುಕ್ತಿಯನ್ನು ಗೆಳೆಯನು ವಿವರಿಸಿದಾಗ ನನಗೆ ಹಕ್ಕಿಗಳು ನೆನಪಾಗಲಿಲ್ಲ, ನಮ್ಮೂರ ಬೋರ್‌ವೆಲ್ಲುಗಳು ನೆನಪಾದವು. ಒಬ್ಬ ರೈತ ಹೊಸ ಬೋರು ಹಾಕಿಸುವಾಗ ಎರಡನ್ನು ನೋಡುತ್ತಾನೆ. ತನ್ನ ಹೊಲದಲ್ಲಿ ಹಿಂದೆ ಎಲ್ಲಿ ಒಳ್ಳೆಯ ನೀರು ಬಿದ್ದಿತ್ತು, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನೀರು ಯಾರಿಗೆ ಬಿತ್ತು, ಇವೆರಡರ ನಡುವೆ ಎಲ್ಲಿಯೋ ಜಾಗ ಗೊತ್ತುಮಾಡುತ್ತಾನೆ, ಒಂದಿಷ್ಟು ದೈವಕ್ಕೆ ಬಿಡುತ್ತಾನೆ. ಆ ಯುಕ್ತಿಯೂ ಅಷ್ಟೇ. ನೂರು ಊಹೆಗಳು ಏಕಕಾಲಕ್ಕೆ ಹುಡುಕುತ್ತವೆ. ಪ್ರತಿಯೊಂದೂ ತಾನು ಕಂಡ ಉತ್ತಮವನ್ನೂ ಗುಂಪು ಕಂಡ ಉತ್ತಮವನ್ನೂ ನೆನೆದು ಸರಿಯುತ್ತದೆ. ಅದರ ರೋಗವೂ ನಮ್ಮೂರಿನದೇ. ಒಬ್ಬನಿಗೆ ನೀರು ಬಿತ್ತೆಂದು ಎಲ್ಲರೂ ಅವನ ಬದುವಿನ ಪಕ್ಕದಲ್ಲೇ ಕೊರೆದು, ಇನ್ನೂ ಹೆಚ್ಚು ನೀರಿದ್ದ ಆಚೆಯ ದಿಣ್ಣೆಯನ್ನು ಯಾರೂ ಮುಟ್ಟದೆ ಉಳಿಯುವುದುಂಟು.

ಹಾಗಾದರೆ ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವನಿಗೂ ಇದಕ್ಕೂ ಏನು ಭೇದವೆಂದು ಕೇಳಬಹುದು. ಗಣಿತ ಬಲ್ಲ ಹಿರಿಯರೊಬ್ಬರು ನನ್ನನ್ನು ಹಾಗೆಯೇ ಕೇಳಿದರು, ಸಾಧನೆಯಿಲ್ಲದ ಉತ್ತರ ಉತ್ತರವೇ ಅಲ್ಲವೆಂದೂ ಹೇಳಿದರು. ಇತ್ತ ನನ್ನ ಗೆಳೆಯನಾದರೋ ಗಣಕಯಂತ್ರ ಹೇಳಿತೆಂದಮೇಲೆ ಮುಗಿಯಿತೆನ್ನುವವನು. ಇಬ್ಬರ ಮಾತನ್ನೂ ನಾನು ಒಪ್ಪಲಾರೆ. ತೆಂಗಿನಕಾಯಿಯವನು ಒಣ ಬೋರುಗಳ ಲೆಕ್ಕ ಇಡುವುದಿಲ್ಲ. ಶೋಧಯುಕ್ತಿಯು ಒಂದೊಂದು ಊಹೆಯನ್ನೂ ಜಾಲದ ನಿಜವಾದ ಸಮೀಕರಣಗಳ ಒರೆಗೆ ಹಚ್ಚಿಯೇ ಮುಂದೆ ಸಾಗುತ್ತದೆ. ಊಹೆ ಎಲ್ಲಿಂದಲಾದರೂ ಬಂದಿರಲಿ, ಒರೆ ನಿಜ.

ಆದರೆ ನಾವು ಕೇಳುವ ಪ್ರಶ್ನೆಗಳು ಎರಡು ಬಗೆಯವು. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದೇ ನಾನು ಇಲ್ಲಿ ಮುಖ್ಯವಾಗಿ ಹೇಳಬೇಕಾದದ್ದು. "ಈ ಜಾಲವು ಹೆಚ್ಚೆಂದರೆ ಎಷ್ಟು ಹೊತ್ತೀತು?" ಎಂಬುದು ಮೊದಲನೆಯದು. ಯುಕ್ತಿಯು ಹುಡುಕಿ, "ಹೀಗೆ ಜೋಡಿಸಿದರೆ ೧೨೦ ಪಾಲು ಹೊರುತ್ತದೆ" ಎಂದರೆ ಅಷ್ಟನ್ನು ಹೊರುವುದು ಒರೆಗೆ ಹಚ್ಚಿ ಕಂಡ ಮಾತು. ಇನ್ನೂ ಚೆನ್ನಾಗಿ ಹುಡುಕಿದ್ದರೆ ೧೩೦ ಸಿಕ್ಕೀತು. ಅಂದರೆ ಯುಕ್ತಿಯ ಸೋಮಾರಿತನದಿಂದ ನಮಗೆ ನಷ್ಟವಾದೀತೇ ಹೊರತು ಅಪಾಯವಿಲ್ಲ. ಎರಡನೆಯ ಪ್ರಶ್ನೆ, "ಬೇಡಿಕೆ ಯಾವ ದಿಕ್ಕಿನಲ್ಲಿ ಬೆಳೆದರೆ ಕುಸಿತ ಎಲ್ಲಕ್ಕಿಂತ ಬೇಗ ಬಂದೀತು, ಅದು ಎಷ್ಟು ಹತ್ತಿರವಿದೆ?" ಎಂಬುದು. ಇಲ್ಲಿ ಯುಕ್ತಿಯು "ಹತ್ತಿರದ ಗುಂಡಿ ಹತ್ತು ಹೆಜ್ಜೆಯಾಚೆ ಇದೆ" ಎಂದರೆ ಹತ್ತು ಹೆಜ್ಜೆಯಲ್ಲಿ ಗುಂಡಿ ಇರುವುದೇನೋ ನಿಜ. ಆರು ಹೆಜ್ಜೆಯಲ್ಲಿ ಅದು ಕಾಣದೆ ಬಿಟ್ಟ ಗುಂಡಿ ಇಲ್ಲವೆಂದು ಯಾರು ಹೇಳಬೇಕು? ಇಲ್ಲಿ ಅದರ ಸೋಮಾರಿತನ ನಮ್ಮ ಪ್ರಾಣಕ್ಕೆ ಬರುತ್ತದೆ. ಯಂತ್ರ ಒಂದೇ, ಯುಕ್ತಿ ಒಂದೇ, ಆದರೆ ಒಂದು ಕಡೆ ಅದರ ತಪ್ಪು ಜಿಪುಣತನದ ತಪ್ಪು, ಇನ್ನೊಂದು ಕಡೆ ಕುರುಡುತನದ ತಪ್ಪು. ಮೊದಲನೆಯ ಬಗೆಯ ಉತ್ತರವನ್ನು ಧಾರಾಳವಾಗಿ ಬಳಸಲಿ. ಎರಡನೆಯ ಬಗೆಯದನ್ನು ಒಂದೇ ಯುಕ್ತಿಯ ಮಾತಿನ ಮೇಲೆ ನಂಬಬಾರದು. ಬೇರೆ ಬೇರೆ ಯುಕ್ತಿಗಳಿಂದ, ಬೇರೆ ಬೇರೆ ಕಡೆಯಿಂದ ಹಲವು ಸಲ ಹುಡುಕಿಸಿ, ಸಿಕ್ಕ ಅಂಕಿಯಿಂದಲೂ ಸಾಕಷ್ಟು ಈಚೆಗೆ ನಿಲ್ಲಬೇಕು. ಎಷ್ಟು ಸಲ ಹುಡುಕಿದರು, ಎಷ್ಟು ಈಚೆಗೆ ನಿಂತರು ಎಂಬುದನ್ನು ಮಿತಿಯ ಅಂಕಿಯ ಪಕ್ಕದಲ್ಲೇ ಪ್ರಕಟಿಸಬೇಕು. ೨೦೧೮ರ ಜುಲೈನಲ್ಲಿ ಕೇಂದ್ರ ಸರಕಾರವು ಲಾರಿಗಳ ಭಾರಮಿತಿಯನ್ನು ಏರಿಸಿದಾಗ ಅದು ಹಳ್ಳಿಯ ಡ್ರೈವರನಿಗೂ ಗೊತ್ತಾಯಿತು. ತಂತಿಯ ಮಿತಿಯೇಕೆ ಗುಟ್ಟಿನ ವಿದ್ಯೆಯಾಗಿರಬೇಕು?

ಇನ್ನೊಂದು ಆಕ್ಷೇಪಣೆ ನನ್ನದು. ಈ ಯುಕ್ತಿಗಳ ಲಾಭ ಮೇಲಿನ ದೊಡ್ಡ ತಂತಿಗಳಿಗೆ ದೊರೆತಷ್ಟು ಕೆಳಗಿನ ಹೊಲದ ಸಾಲುಗಳಿಗೆ ದೊರೆತಿಲ್ಲ. ೧೯೮೯ರಲ್ಲಿ ಬಾರನ್ ಮತ್ತು ವೂ ಎಂಬ ಇಬ್ಬರು ೩೩ ಗಂಟುಗಳ ಒಂದು ಮಾದರಿ ಸಾಲನ್ನು ಪ್ರಕಟಿಸಿದರು. ನಮ್ಮ ೧೧ ಕಿಲೋವೋಲ್ಟಿನ ಸಾಲುಗಳಂತಹುದೇ ಅದು. ಒಟ್ಟು ಬೇಡಿಕೆ ೩,೭೧೫ ಕಿಲೋವಾಟು, ತಂತಿಯಲ್ಲಿಯೇ ಕಾವಾಗಿ ಹೋಗುವ ನಷ್ಟ ೨೦೨ಕ್ಕೂ ಮಿಕ್ಕಿದ ಕಿಲೋವಾಟು. ಆ ಸಾಲಿನಲ್ಲಿರುವ ಸ್ವಿಚ್ಚುಗಳಲ್ಲಿ ಯಾವುದನ್ನು ತೆರೆದು ಯಾವುದನ್ನು ಮುಚ್ಚಬೇಕೆಂದು ಶೋಧಯುಕ್ತಿಗಳಿಂದ ಹುಡುಕಿಸಿದಾಗ ನಷ್ಟವು ಸುಮಾರು ೧೩೯.೫ಕ್ಕೆ ಇಳಿಯಿತು. ಹೊಸದಾಗಿ ಒಂದು ಮಾರು ತಂತಿಯನ್ನೂ ಎಳೆಯಲಿಲ್ಲ. ಇಂಥ ಜೋಡಣೆಯಿಂದ ಕೊನೆಯ ಹೊಲದ ವೋಲ್ಟೇಜೂ ಏರುತ್ತದೆ, ಸಾಲಿನ ಮಿತಿಯೂ ಹಿಗ್ಗುತ್ತದೆ. ನಮ್ಮಲ್ಲಿಯೋ, ಟಿಸಿಯ ಮಿತಿಯನ್ನು ಹುಡುಕುವ ಯುಕ್ತಿ ಒಂದೇ, ಅದು ಸುಡುವವರೆಗೆ ಹೊರಿಸಿ ನೋಡುವುದು.

ಹೀಗೆಂದು ಬರೆದು ಲೇಖನಿ ಕೆಳಗಿಡಬಹುದಾಗಿತ್ತು. ಆದರೆ ಅದು ಅರ್ಧ ಸತ್ಯವಾದೀತು. ಎಂಥ ಯುಕ್ತಿಗಾದರೂ ಯಾವ ಹೊಲದಲ್ಲಿ ಎಷ್ಟು ಹೊರೆಯಿದೆಯೆಂಬ ಲೆಕ್ಕ ಮೊದಲು ಬೇಕು. ಕರ್ನಾಟಕದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಹೆಚ್ಚಿನವುಗಳಿಗೆ ಮೀಟರಿಲ್ಲ, ಲೆಕ್ಕವೆಲ್ಲ ಅಂದಾಜಿನದು. ಮೀಟರು ಹಚ್ಚಲು ಬಂದರೆ ಇಂದು ಮೀಟರು, ನಾಳೆ ಬಿಲ್ಲು ಎಂದು ನಾವೇ ತಿರುಗಿ ಕಳಿಸುತ್ತೇವೆ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ನಮ್ಮ ಪಂಪಿನ ಮೇಲೆ ಐದು ಎಂಬ ಫಲಕವಿದೆ, ಒಳಗಿನ ಮೋಟಾರು ಏಳೂವರೆಯದು. ನೀರು ಆಳಕ್ಕೆ ಹೋದಾಗ ಬದಲಿಸಿದ್ದು, ಕಾಗದ ಬದಲಿಸಲಿಲ್ಲ. ಅಕ್ಕಪಕ್ಕದವರದೂ ಹೀಗೆಯೇ. ಏಳೂವರೆಯಾದರೆ ಅರವತ್ಮೂರರ ಟಿಸಿ ಹೊರುವುದು ಏಳೇ ಪಂಪು. ಲೈನ್‌ಮನ್ನನ ಹತ್ತೂ ತಪ್ಪು, ಅಪ್ಪನ ಹದಿನಾರೂ ತಪ್ಪು. ಅದರ ಮೇಲೆ ಎಲ್ಲರೂ ಆಟೋ ಸ್ಟಾರ್ಟರ್ ಕೂಡಿಸಿದ್ದೇವೆ. ನಡುರಾತ್ರಿ ತ್ರೀಫೇಸ್ ಬಂದ ಕ್ಷಣಕ್ಕೆ ಹದಿನಾರು ಮೋಟಾರುಗಳು ಒಟ್ಟಿಗೆ ಏಳುತ್ತವೆ. ಏಳುವಾಗ ಮೋಟಾರು ತನ್ನ ಎಂದಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಟಿಸಿ ಸುಡದೆ ಏನು ಮಾಡೀತು?

ಹೊಸದೆಂದು ಬಂದ ಟಿಸಿಯೂ ಅರವತ್ಮೂರರದೇ. ಈ ಸಲ ಓಣಿಯ ಹಿರಿಯರು ಕೂಡಿ ಪಾಳಿ ಮಾಡಿದ್ದಾರೆ. ಬಾವಿಯ ಮೇಲಿನವರು ಒಂದು ರಾತ್ರಿ, ಕೆಳಗಿನವರು ಒಂದು ರಾತ್ರಿ. ಇದೂ ಶೋಧಯುಕ್ತಿಯೇ, ಅತ್ಯುತ್ತಮವಲ್ಲದಿದ್ದರೂ ನಡೆಯುತ್ತದೆ. ಹದಿನಾರು ಪಂಪಿನ ಮಟ್ಟಿಗೆ ಹಕ್ಕಿ ಹಿಂಡಿನ ಗಣಿತವೂ ಬೇಕಿಲ್ಲ, ೬೫,೫೩೬ ಬಗೆಗಳನ್ನು ಗೆಳೆಯನ ಗಣಕಯಂತ್ರವೇ ಕ್ಷಣದಲ್ಲಿ ನೋಡೀತು. ಅವನು ಮಾಡಿಕೊಡುತ್ತೇನೆಂದಿದ್ದಾನೆ, ಪ್ರತಿ ಪಂಪಿನ ನಿಜವಾದ ಅಶ್ವಶಕ್ತಿಯನ್ನು ಬರೆದು ಕೊಟ್ಟರೆ. ದೀಪಾವಳಿಯ ರಜೆಯಲ್ಲಿ ನಾನು ವಹಿಯೊಂದನ್ನು ಹಿಡಿದು ಹೊಲದಿಂದ ಹೊಲಕ್ಕೆ ತಿರುಗಿದೆನು. ಮೊದಲನೆಯ ಸಾಲಿನಲ್ಲಿ ಅಪ್ಪನ ಹೆಸರಿನ ಮುಂದೆ ಏಳೂವರೆ ಎಂದು ಬರೆದದ್ದನ್ನು ಅವರು ನೋಡಿ, "ಈ ವಹಿ ಆಫೀಸಿಗೆ ಹೋಗೂದಿಲ್ಲಲ್ಲ?" ಎಂದು ಎರಡು ಸಲ ಕೇಳಿದರು. ಹನ್ನೊಂದು ಪಂಪುಗಳ ಲೆಕ್ಕ ಸಿಕ್ಕಿದೆ. ಉಳಿದ ಐವರು ಸಂಕ್ರಾಂತಿ ಕಳೆದ ಮೇಲೆ ಬಾ ಎಂದಿದ್ದಾರೆ.